ಹಸು, ಸಾಲ, ವಂಶವೃಕ್ಷ: ಪ್ರಾಚೀನ ಐರ್ಲೆಂಡಿನ ಕುಲಗಳು ನಡೆದ ಬಗೆ

2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಪಂದ್ಯ ನೋಡಿದವರಿಗೆ ಓಬ್ರಯನ್ ಎಂಬ ಹೆಸರು ಮರೆತಿರಲಾರದು. ಇಂಗ್ಲೆಂಡ್ ಪೇರಿಸಿದ 327 ರನ್ನುಗಳನ್ನು ಬೆನ್ನಟ್ಟಿ ಐರ್ಲೆಂಡ್ ಗೆದ್ದಿತು. ಕೆವಿನ್ ಓಬ್ರಯನ್ ಬರೀ 50 ಎಸೆತಗಳಲ್ಲಿ ಶತಕ ಹೊಡೆದರು. ಅದೇ ತಂಡದಲ್ಲಿ ಅವರ ಅಣ್ಣ ನಿಯಲ್ ಓಬ್ರಯನ್ ಕೂಡ ಆಡಿದರು. ಈ ಅಣ್ಣನ ಹೆಸರಿನಲ್ಲಿ ಐರಿಷ್ ಚರಿತ್ರೆಯ ಎರಡು ದೊಡ್ಡ ಅರಸು ಮನೆತನಗಳ ಮೂಲಪುರುಷರು ಅಕ್ಕಪಕ್ಕ ಕೂತಿದ್ದಾರೆ. ಉತ್ತರದ ಪ್ರಬಲ ವಂಶ ತನ್ನ ಮೂಲವನ್ನು ನಿಯಲ್ ಎಂಬವನಲ್ಲಿ ಕಂಡಿತು. ದಕ್ಷಿಣದ ಓಬ್ರಯನ್ನರು 1014ರಲ್ಲಿ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಬ್ರಯಾನ್ ಬೊರುವಿನ ವಂಶದವರು ಎನಿಸಿಕೊಂಡರು.

ಹಾಗಾದರೆ ಇಂದಿನ ಓಬ್ರಯನ್ನರೆಲ್ಲ ರಾಜವಂಶದವರೇ? ಅಲ್ಲ. ಏಕೆ ಅಲ್ಲ ಎಂಬುದು ತಿಳಿಯಬೇಕಾದರೆ ಆ ಕಾಲದ ಕುಲಗಳೂ ಅವುಗಳ ಮುಖ್ಯಸ್ಥರ ಮನೆಗಳೂ ಹೇಗೆ ನಡೆಯುತ್ತಿದ್ದವು ಎಂದು ನೋಡಬೇಕು. ಹೊರಗಿನಿಂದ ನೋಡಿದರೆ ಅಲ್ಲಿ ರಕ್ತಸಂಬಂಧವೇ ಸರ್ವಸ್ವ ಎನಿಸುತ್ತದೆ. ಒಳಹೊಕ್ಕರೆ ಕಾಣುವುದು ಹಸುವಿನ ಲೆಕ್ಕ, ಕಾನೂನಿನ ಕಟ್ಟು, ಗೆದ್ದವರಿಗೆ ತಕ್ಕಂತೆ ತಿದ್ದಿದ ವಂಶಾವಳಿ.

ತೂಅಥ್ ಎಂಬ ಪುಟ್ಟ ರಾಜ್ಯ

ಏಳು, ಎಂಟನೆಯ ಶತಮಾನದ ಐರ್ಲೆಂಡಿನಲ್ಲಿ ಊರುಕೇರಿ ಎನ್ನಬಹುದಾದ ಪಟ್ಟಣಗಳಿರಲಿಲ್ಲ. ನಾಣ್ಯವೂ ಇರಲಿಲ್ಲ, ಡಬ್ಲಿನ್ನಿನಲ್ಲಿ ವೈಕಿಂಗ್ ದೊರೆ ನಾಣ್ಯ ಟಂಕಿಸಿದ್ದು ಸುಮಾರು 997ರಲ್ಲಿ. ಜನ ಒಂಟಿ ಮನೆಗಳಲ್ಲಿ, ಸುತ್ತ ಮಣ್ಣಿನ ದಿಣ್ಣೆ ಕಟ್ಟಿಕೊಂಡು ವಾಸಿಸುತ್ತಿದ್ದರು. ಅಂಥ ದುಂಡು ಕೋಟೆಮನೆಗಳ ಕುರುಹುಗಳು ಇಂದಿಗೂ 45,000ದಷ್ಟು ಸಿಗುತ್ತವೆ.

ಈ ಚದುರಿದ ಜನರನ್ನು ಒಂದುಗೂಡಿಸಿದ್ದು ‘ತೂಅಥ್’. ಅದನ್ನು ಕುಲ ಎಂದರೂ ಸರಿ, ಸಣ್ಣ ರಾಜ್ಯ ಎಂದರೂ ಸರಿ. ಒಂದು ತೂಅಥ್‌ಗೆ ಒಬ್ಬ ರಾಜ, ಕೆಲವು ಸಾವಿರ ಜನ, ಸಭೆ ಸೇರಲು ಒಂದು ಬಯಲು. ಇಡೀ ದ್ವೀಪದಲ್ಲಿ ಒಂದೇ ಕಾಲಕ್ಕೆ ಇಂಥವು 100ರಿಂದ 150 ಇದ್ದವೆಂದು ಇತಿಹಾಸಕಾರರ ಅಂದಾಜು. ಸಾಮಾನ್ಯನ ಕಾನೂನುಬದ್ಧ ಹಕ್ಕುಗಳು ತನ್ನ ತೂಅಥ್‌ನ ಗಡಿಯವರೆಗೆ ಮಾತ್ರ. ಗಡಿ ದಾಟಿದರೆ ಅವನು ಪರದೇಶಿ. ಕವಿ, ನ್ಯಾಯಪಂಡಿತ, ಪಾದ್ರಿಗಳಂಥ ವಿದ್ಯಾವಂತರಿಗೆ ಮಾತ್ರ ಎಲ್ಲ ಕಡೆಯೂ ಮರ್ಯಾದೆ ಸಲ್ಲುತ್ತಿತ್ತು.

ಕಾನೂನು ಗ್ರಂಥಗಳು ಮೂರು ದರ್ಜೆಯ ರಾಜರನ್ನು ಹೇಳುತ್ತವೆ. ಕೆಳಗೆ ಒಂದೇ ತೂಅಥ್‌ನ ರಾಜ. ಅವನ ಮೇಲೆ ಇಂಥ ಹಲವು ರಾಜರ ಒಡೆಯ. ಎಲ್ಲರ ಮೇಲೆ ಪ್ರಾಂತ್ಯದ ದೊರೆ: ಮನ್‌ಸ್ಟರ್, ಲೆನ್‌ಸ್ಟರ್, ಕಾನಾಟ್, ಅಲ್‌ಸ್ಟರ್‌ನಂಥ ಸೀಮೆಗಳಿಗೆ. ಆದರೆ ಮೇಲಿನವನಿಗೆ ಕೆಳಗಿನ ರಾಜ್ಯದ ಪ್ರಜೆಗಳ ಮೇಲೆ ನೇರ ಅಧಿಕಾರವಿರಲಿಲ್ಲ. ಅವನ ವ್ಯವಹಾರವೆಲ್ಲ ಕೆಳಗಿನ ರಾಜನೊಂದಿಗೇ. ಕೆಳಗಿನವನು ಮಗನನ್ನೋ ತಮ್ಮನನ್ನೋ ಒತ್ತೆಯಾಗಿ ಕಳಿಸುತ್ತಿದ್ದ. ಮೇಲಿನವನು ಕುದುರೆ, ಕತ್ತಿ, ಉಡುಪುಗಳ ಉಡುಗೊರೆ ಕೊಡುತ್ತಿದ್ದ. ಉಡುಗೊರೆಗೆ ಕೈಯೊಡ್ಡಿದವನು ಅಧೀನನೆಂದು ಲೆಕ್ಕ. ಉತ್ತರದ ಮೂಲಪುರುಷ ನಿಯಲ್‌ಗೆ ‘ಒಂಬತ್ತು ಒತ್ತೆಯಾಳುಗಳ ನಿಯಲ್’ ಎಂಬ ಬಿರುದು ಬಂದದ್ದೂ ಇದೇ ಪದ್ಧತಿಯಿಂದ.

ಮಾನಕ್ಕೂ ಒಂದು ಬೆಲೆ

ಸುಮಾರು ಕ್ರಿ.ಶ. 700ರಲ್ಲಿ ಬರೆದ ‘ಕ್ರಿಥ್ ಗಾವ್ಲಖ್’ ಎಂಬ ಗ್ರಂಥ ಸಮಾಜದ ದರ್ಜೆಗಳನ್ನು ಒಂದೊಂದಾಗಿ ಅಳೆದು ಇಡುತ್ತದೆ. ಪ್ರತಿ ಸ್ವತಂತ್ರ ವ್ಯಕ್ತಿಗೂ ಒಂದು ‘ಮಾನದ ಬೆಲೆ’ ಇತ್ತು. ಅವನನ್ನು ಅವಮಾನಿಸಿದರೆ ತೆರಬೇಕಾದ ದಂಡ ಅದು. ಅವನ ಸಾಕ್ಷಿಗೆ ಎಷ್ಟು ತೂಕ, ಅವನು ಎಷ್ಟು ದೊಡ್ಡ ಒಪ್ಪಂದಕ್ಕೆ ಕೈಹಾಕಬಹುದು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತಿತ್ತು. ಒಂದು ತೂಅಥ್‌ನ ರಾಜನ ಬೆಲೆ ಏಳು ‘ಕುಮಲ್’. ಕುಮಲ್ ಎಂದರೆ ಮೂಲದಲ್ಲಿ ಒಬ್ಬ ದಾಸಿಯ ಬೆಲೆ. ಲೆಕ್ಕಕ್ಕೆ ಸಾಮಾನ್ಯವಾಗಿ ಮೂರು ಹಾಲು ಕೊಡುವ ಹಸು. ಅಂದರೆ ರಾಜನ ಮಾನಕ್ಕೆ 21 ಹಸು. ಹೆಣ್ಣಾಳುಗಳನ್ನು ಹಣದಂತೆ ಎಣಿಸಿದ ಸಮಾಜ ಅದು ಎಂಬುದನ್ನೂ ಮರೆಯಬಾರದು.

ಈ ಬೆಲೆ ಶಾಶ್ವತವಲ್ಲ. ರಾಜ ಗುದ್ದಲಿ, ಕೊಡಲಿ, ಕೊಡತಿ ಹಿಡಿದು ದುಡಿದರೆ, ಕಾಳಗದಲ್ಲಿ ಓಡುವಾಗ ಬೆನ್ನಿಗೆ ಗಾಯವಾದರೆ ಅವನ ಮಾನ ಸಾಮಾನ್ಯನ ಮಟ್ಟಕ್ಕೆ ಇಳಿಯುತ್ತಿತ್ತು. ಅಂಗ ಊನವಾದರೂ ಪಟ್ಟ ಹೋದೀತು. ಜೇನುಸಾಕಣೆಯ ವ್ಯಾಜ್ಯಗಳಿಗೆಂದೇ ಬರೆದ ಒಂದು ಕಾನೂನು ಗ್ರಂಥವಿದೆ. ಜೇನುಹುಳ ಕಚ್ಚಿ ಒಂದು ಕಣ್ಣು ಕಳೆದುಕೊಂಡ ಕೊಂಗಲ್ ಎಂಬವನು ಅದೇ ಕಾರಣಕ್ಕೆ, ದ್ವೀಪದಲ್ಲೇ ಅತಿ ಗೌರವದ್ದೆನಿಸಿದ್ದ ತಾರಾದ ರಾಜಪಟ್ಟದಿಂದ ಇಳಿಯಬೇಕಾಯಿತೆಂದು ಅದು ಹೇಳುತ್ತದೆ. ಈ ಕೊಂಗಲ್ 637ರಲ್ಲಿ ಮೊಯ್ರಾ ಕಾಳಗದಲ್ಲಿ ಸತ್ತ.

ರಾಜನ ವಾರದ ದಿನಚರಿಯನ್ನೂ ಕ್ರಿಥ್ ಗಾವ್ಲಖ್ ಬರೆದಿಟ್ಟಿದೆ. ಭಾನುವಾರ ಮಂದಿಗೆ ಬಿಯರು ಕುಡಿಸಬೇಕು. ಸೋಮವಾರ ತೂಅಥ್‌ಗಳ ನಡುವಿನ ವ್ಯಾಜ್ಯ. ಮಂಗಳವಾರ ಚದುರಂಗದಂಥ ಮಣೆಯಾಟ, ಬುಧವಾರ ಬೇಟೆನಾಯಿಗಳ ಓಟ, ಗುರುವಾರ ಹೆಂಡತಿಯ ಸಂಗ, ಶುಕ್ರವಾರ ಕುದುರೆ ಪಂದ್ಯ. ಶನಿವಾರ ನ್ಯಾಯತೀರ್ಮಾನ. ಪಟ್ಟಿಯಲ್ಲಿ ಸ್ವಲ್ಪ ತಮಾಷೆಯೂ ಇದೆ, ಆದರೆ ಅದರ ಆಶಯ ಸ್ಪಷ್ಟ. ರಾಜ ಜನರ ಕಣ್ಣಮುಂದೆ ಇರಬೇಕು, ಉಣಬಡಿಸಬೇಕು, ಜಗಳ ತೀರಿಸಬೇಕು. ಹೊಸ ಕಾನೂನು ಮಾಡುವ ಕೆಲಸ ಈ ದಿನಚರಿಯಲ್ಲಿ ಇಲ್ಲ.

ಹಸು ಕೊಟ್ಟವನು ಒಡೆಯ

ಮುಖ್ಯಸ್ಥನ ಬಲ ಎಲ್ಲಿಂದ ಬರುತ್ತಿತ್ತು? ಮುಖ್ಯವಾಗಿ, ಅವನು ಸಾಲವಾಗಿ ಹಂಚಿದ ಹಸುಗಳಿಂದ. ಒಡೆಯ ತನ್ನ ಹಿಂಡಿನ ಹಸುಗಳನ್ನು ರೈತನಿಗೆ ಕೊಡುತ್ತಿದ್ದ; ರೈತ ಅವನ ಒಕ್ಕಲಾಗುತ್ತಿದ್ದ. ಇದರಲ್ಲಿ ಎರಡು ಬಗೆ.

ಮೊದಲನೆಯದು ಮುಕ್ತ ಒಕ್ಕಲು. ಅವನು ಹಸು ಪಡೆದು ವರ್ಷವರ್ಷ ಬಡ್ಡಿಯಂತೆ ಹಿಂದಿರುಗಿಸುತ್ತಿದ್ದ, ಒಡೆಯನ ಬಳಗದಲ್ಲಿ ಓಡಾಡುತ್ತಿದ್ದ. ಬೇಡವೆನಿಸಿದಾಗ ಇಬ್ಬರಲ್ಲಿ ಯಾರಾದರೂ ದಂಡವಿಲ್ಲದೆ ಒಪ್ಪಂದ ಮುರಿಯಬಹುದಿತ್ತು.

ಎರಡನೆಯದು ಅಧೀನ ಒಕ್ಕಲು. ಅವನಿಗೆ ಹಸುಗಳ ಜೊತೆಗೆ ಅವನ ಮಾನದ ಬೆಲೆಯಷ್ಟು ಮೊತ್ತವನ್ನೂ ಒಡೆಯ ಕೊಡುತ್ತಿದ್ದ. ಅಲ್ಲಿಂದಾಚೆ ಅವನಿಗೆ ಅವಮಾನವಾದರೆ ಬರುವ ದಂಡದಲ್ಲಿ ಒಡೆಯನಿಗೂ ಪಾಲು. ಒಕ್ಕಲು ವರ್ಷಕ್ಕೊಮ್ಮೆ ಮಾಂಸ, ಮಾಲ್ಟು, ಬೆಣ್ಣೆ, ಧಾನ್ಯಗಳ ಕಾಣಿಕೆ ಒಪ್ಪಿಸಬೇಕು. ಸುಗ್ಗಿಯಲ್ಲಿ ಬಿಟ್ಟಿ ದುಡಿಯಬೇಕು. ಕೋಟೆಯ ದಿಣ್ಣೆ ಕಟ್ಟಲು ಕೈಜೋಡಿಸಬೇಕು. ಹೊಸ ವರ್ಷದಿಂದ ಈಸ್ಟರ್ ಪೂರ್ವದ ಉಪವಾಸದ ದಿನಗಳವರೆಗೆ ಒಡೆಯನೂ ಅವನ ಪರಿವಾರವೂ ಒಕ್ಕಲಿನ ಮನೆಗೆ ಉಣ್ಣಲು ಬರುವ ಕಾಲ. ರಾಜನ ಕೋಟೆ ಪ್ರತಿ ದಿಕ್ಕಿಗೂ 140 ಅಡಿ ಇರಬೇಕು, ಸುತ್ತ ಅಧೀನ ಒಕ್ಕಲುಗಳು ಎಬ್ಬಿಸಿದ ದಿಣ್ಣೆ ಇರಬೇಕೆಂದು ಗ್ರಂಥ ಹೇಳುತ್ತದೆ. ಅವನ ಕೈಕೆಳಗೆ ಎಷ್ಟು ಜನರಿದ್ದಾರೆಂದು ದಾರಿಹೋಕನಿಗೂ ಆ ದಿಣ್ಣೆಯಿಂದಲೇ ಗೊತ್ತಾಗುತ್ತಿತ್ತು.

ಶ್ರೀಮಂತರ ದರ್ಜೆಯೂ ಒಕ್ಕಲುಗಳ ಎಣಿಕೆಯಿಂದಲೇ. ಕೆಳಗಿನ ದರ್ಜೆಯ ಒಡೆಯನಿಗೆ ಐದು ಮುಕ್ತ, ಐದು ಅಧೀನ, ಒಟ್ಟು ಹತ್ತು ಒಕ್ಕಲು. ರಾಜವಂಶದ ಹೊರಗಿನ ಅತಿ ದೊಡ್ಡ ಒಡೆಯನಿಗೆ 40. ಸಿರಿವಂತ ರೈತನ ಮನೆತನ ಮೂರು ತಲೆಮಾರು ಆಸ್ತಿ ಉಳಿಸಿಕೊಂಡರೆ ಮೊಮ್ಮಗ ಒಡೆಯರ ಸಾಲಿಗೆ ಏರಬಹುದಿತ್ತು. ಒಕ್ಕಲು ಕಳೆದುಕೊಂಡ ಒಡೆಯನಿಗೆ ಹುಟ್ಟಿನ ಹೆಸರು ಮಾತ್ರ ಉಳಿಯುತ್ತಿತ್ತು.

ಸಾಲ ಕೊಡಲು ಹಸು ಬೇಕು; ಹಸು ಬೇಕೆಂದರೆ ಪಕ್ಕದ ತೂಅಥ್ ಇದೆ. ತುರುಗೋಳು, ಅಂದರೆ ದನಗಳ ಸೂರೆ, ಅವರ ರಾಜಕೀಯದ ನಿತ್ಯಕರ್ಮ. ಹೊಸದಾಗಿ ಪಟ್ಟಕ್ಕೆ ಬಂದವನು ನೆರೆಯವರ ಹಿಂಡು ಹೊಡೆದು ತನ್ನ ತಾಕತ್ತು ತೋರಿಸಬೇಕೆಂಬುದು ಸಂಪ್ರದಾಯವೇ ಆಗಿತ್ತು.

ಮುತ್ತಜ್ಜನ ಮಕ್ಕಳು ಮತ್ತು ಪಟ್ಟದ ಜಗಳ

ಕಾನೂನಿನಲ್ಲಿ ಮುಖ್ಯ ಘಟಕ ‘ದೆರ್ವಿನೆ’: ಒಬ್ಬ ಮುತ್ತಜ್ಜನಿಂದ ಇಳಿದ ಗಂಡು ಸಂತಾನ, ಅಂದರೆ ನಾಲ್ಕು ತಲೆಮಾರು. ಕೊಡಗಿನ ಒಕ್ಕದ ಹಾಗೆ ಇಲ್ಲಿಯೂ ಭೂಮಿ ಕುಟುಂಬದ್ದು. ಬಳಗದ ಒಪ್ಪಿಗೆಯಿಲ್ಲದೆ ಒಬ್ಬನೇ ಅದನ್ನು ಪರಭಾರೆ ಮಾಡುವಂತಿಲ್ಲ. ಒಬ್ಬ ಕೊಲೆ ಮಾಡಿ ತಪ್ಪಿಸಿಕೊಂಡರೆ ದಂಡ ತೆರುವುದು ಈ ಬಳಗ. ಒಬ್ಬ ಕೊಲೆಯಾದರೆ ಪರಿಹಾರ ಹಂಚಿಕೊಳ್ಳುವುದೂ ಈ ಬಳಗವೇ.

ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಅವರಲ್ಲಿ ಇರಲಿಲ್ಲ. ರಾಜನ ತಮ್ಮ, ಮಗ, ಅಣ್ಣನ ಮಗ, ದಾಯಾದಿ ಯಾರಾದರೂ ಅರ್ಹರೇ. ಕೆಲವು ಕಡೆ ರಾಜನಿರುವಾಗಲೇ ಮುಂದಿನವನನ್ನು ಗೊತ್ತುಮಾಡುತ್ತಿದ್ದರು. ಅವನಿಗೆ ‘ತಾನಿಸ್ತ’ ಎಂದು ಹೆಸರು. ಎಳೆಯ ಮಗು ಸಿಂಹಾಸನವೇರುವ ಪೀಕಲಾಟ ಇದರಿಂದ ತಪ್ಪಿತು. ಆದರೆ ಪ್ರತಿ ತಲೆಮಾರಿನಲ್ಲೂ ದಾಯಾದಿ ಕಲಹ ಖಾಯಂ ಆಯಿತು. ವರ್ಷವಾರು ವೃತ್ತಾಂತಗಳಲ್ಲಿ ಒಬ್ಬ ರಾಜಕುಮಾರನನ್ನು ಅವನ ಬಂಧುಗಳೇ ಕೊಂದರೆಂಬ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಅರ್ಹರು ಹಲವರು, ಪೀಠ ಒಂದು. ಕೊನೆಗೆ ಗೆಲ್ಲುತ್ತಿದ್ದವನು ಹೆಚ್ಚು ಒಕ್ಕಲು, ಹೆಚ್ಚು ಕುದುರೆ, ಹೆಚ್ಚು ನಂಟರಿದ್ದವನು.

ಕೆಲವು ಮನೆತನಗಳು ಈ ಜಗಳಕ್ಕೆ ಒಪ್ಪಂದದ ದಾರಿ ಕಂಡುಕೊಂಡವು. ನಿಯಲ್‌ನ ವಂಶದ ಎರಡು ಶಾಖೆಗಳು, ಉತ್ತರದ ಕೆನೇಲ್ ಓಗನ್ ಮತ್ತು ಮಧ್ಯದೇಶದ ಕ್ಲಾನ್ ಕೊಲ್ಮಾನ್, 734ರಿಂದ 1002ರವರೆಗೆ ಒಂದು ಅಪವಾದ ಬಿಟ್ಟರೆ ತಾರಾದ ಪಟ್ಟವನ್ನು ಸರದಿಯ ಮೇಲೆ ಅನುಭವಿಸಿದವು.

ಸೋತ ಶಾಖೆಗಳ ಗತಿ? ಅವು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿದ್ದವು. ಅರಸು ಮನೆತನ ಬೆಳೆದಂತೆ ಅದರ ಕಿರಿಯ ಶಾಖೆಗಳಿಗೆ ಭೂಮಿ ಬೇಕು. ಅವರು ಬಂದು ಕೂತಲ್ಲಿ ಹಳೆಯ ಒಕ್ಕಲು ಕುಟುಂಬಗಳು ಮೂಲೆಗೆ ಸರಿಯುತ್ತಿದ್ದವು. 1650ರಲ್ಲಿ ಗಾಲ್ವೇಯಲ್ಲಿ ಕೂತು ಬೃಹತ್ತಾದ ವಂಶಾವಳಿ ಗ್ರಂಥ ಸಿದ್ಧಪಡಿಸಿದ ದುವಲ್ತಖ್ ಮಾಕ್ ಫಿರ್ವಿಶಿ ಈ ಒತ್ತರಿಕೆಯನ್ನು ಸ್ಪಷ್ಟವಾಗಿ ಗುರುತಿಸಿದ್ದ.

ಹೆಸರು ಓದುವ ಕ್ರಮ

ಕುಲದ ಹೆಸರುಗಳಲ್ಲಿ ಕೆಲವು ಮಾದರಿಗಳಿವೆ; ಅವು ಗೊತ್ತಿದ್ದರೆ ಐರ್ಲೆಂಡಿನ ನಕಾಶೆಯ ಬಹುಪಾಲು ಅರ್ಥವಾಗುತ್ತದೆ.

ಹಳೆಯ ಪದರದಲ್ಲಿ ಬರುವುದು ‘ರಾಯೆ’ ಎಂದು ಕೊನೆಯಾಗುವ ಹೆಸರುಗಳು ಮತ್ತು ‘ಕೊರ್ಕು’, ‘ದಾಲ್’ ಎಂದು ಮೊದಲಾಗುವವು. ಕಿಯರ್ರಾಯೆ ಎಂಬ ಜನರ ಸೀಮೆ ಇಂದಿನ ಕೆರ್ರಿ. ಕೊನ್ಮಾಕ್ನೆ ಎಂಬ ಕುಲದ ಕಡಲತೀರದ ಶಾಖೆಯ ನೆಲ ಇಂದಿನ ಕೊನೆಮಾರಾ. ದಾಲ್ ರಿಯಾತದವರು ಕಡಲು ದಾಟಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲೂ ಆಳಿದರು.

ನಂತರದ ಪದರ ‘ಈ’, ‘ಕೆನೇಲ್’, ‘ಕ್ಲಾನ್’, ‘ಶೀಲ್’ ಎಂದು ಶುರುವಾಗುವ ಹೆಸರುಗಳದು. ಇವು ಒಬ್ಬ ನಿರ್ದಿಷ್ಟ ಪುರುಷನ ಸಂತತಿ ಎಂದು ಹೇಳಿಕೊಳ್ಳುವ ರಾಜವಂಶಗಳು. ಕೆನೇಲ್ ಓಗನ್ ಹಬ್ಬಿದ ನೆಲ ಟೈರೋನ್. ಅವರ ದಾಯಾದಿಗಳಾದ ಕೆನೇಲ್ ಕೊನಲ್‌ನವರದು ಇಂದಿನ ಡೊನೆಗಾಲ್ ಸೀಮೆ. ಹಳೆಯ ಕುಲನಾಮಗಳನ್ನು ಈ ವಂಶನಾಮಗಳು ಹಿಂದಕ್ಕೆ ತಳ್ಳುತ್ತ ಹೋದದ್ದೇ ಆ ಕಾಲದ ರಾಜಕೀಯ ಇತಿಹಾಸ. ಎರಡನೆಯ ಶತಮಾನದಲ್ಲಿ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಐರ್ಲೆಂಡಿನ ಕುಲಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಅಲ್‌ಸ್ಟರಿಗೆ ಹೆಸರು ಕೊಟ್ಟ ಉಲಾದ್ ಜನರಂಥ ಕೆಲವನ್ನು ಮಾತ್ರ ಖಚಿತವಾಗಿ ಗುರುತಿಸಬಹುದು. ಉಳಿದ ಬಹುಪಾಲು ಮುಂದಿನ ದಾಖಲೆಗಳಲ್ಲಿ ಕಾಣುವುದೇ ಇಲ್ಲ.

ಹಳೆಯ ಪದರವನ್ನು ಕಣ್ಣಾರೆ ನೋಡಬೇಕೆಂದರೆ ಓಗಮ್ ಶಾಸನಗಳಿವೆ. ಕಲ್ಲಿನ ಅಂಚಿನುದ್ದಕ್ಕೂ ಗೀಟು, ಕಚ್ಚುಗಳಲ್ಲಿ ಕೊರೆದ ಈ ಲಿಪಿಯನ್ನು ಸಾಮಾನ್ಯವಾಗಿ ಬುಡದಿಂದ ಮೇಲಕ್ಕೆ ಓದುತ್ತಾರೆ. ಸುಮಾರು 400 ಕಲ್ಲುಗಳು ಉಳಿದಿವೆ. ಅತಿ ಹೆಚ್ಚು ಕೆರ್ರಿಯಲ್ಲಿ. ಡಿಂಗಲ್ ಪರ್ಯಾಯದ್ವೀಪದ ತುದಿಯ ಡನ್ಮೋರ್ ಹೆಡ್‌ನಲ್ಲಿ, ಅಟ್ಲಾಂಟಿಕ್ ಕಡಲಿಗೆ ಎದುರಾಗಿ ನಿಂತ ಒಂದು ಕಲ್ಲು ಎರ್ಕ್ ಎಂಬವನದು. ಅದರಲ್ಲಿರುವುದು ಮೂರೇ ಸಂಗತಿ: ಅವನ ಹೆಸರು, ಅವನ ತಂದೆಯ ಹೆಸರು, ಅವನು ದೊವಿನಿಯಾಳ ಕುಲದವನು ಎಂಬುದು. ದೊವಿನಿಯಾ ಒಬ್ಬ ಸ್ತ್ರೀ; ಬಹುಶಃ ದೇವತೆ. ಆ ಸೀಮೆಯ ಕೊರ್ಕು ದೂವ್ನೆ ಜನ ಅವಳನ್ನೇ ಮೂಲಮಾತೆ ಎಂದುಕೊಂಡವರು. ಗಂಡುಸಂತತಿಯನ್ನೇ ಎಣಿಸುತ್ತಿದ್ದ ಸಮಾಜದಲ್ಲಿ ಒಂದು ಕುಲ ತನ್ನ ಗುರುತನ್ನು ಹೆಣ್ಣಿನ ಹೆಸರಿನಲ್ಲಿ ಕಲ್ಲಿಗೆ ಕೊರೆಸಿದೆ.

ಮನೆತನದ ಅಡ್ಡಹೆಸರುಗಳು ಬಂದದ್ದು ಇವೆಲ್ಲಕ್ಕಿಂತ ತಡವಾಗಿ, ಹತ್ತು–ಹನ್ನೊಂದನೆಯ ಶತಮಾನದಲ್ಲಿ. ‘ಓ’ ಎಂದರೆ ಮೊಮ್ಮಗ, ‘ಮ್ಯಾಕ್’ ಎಂದರೆ ಮಗ. ಕ್ರಮೇಣ ಎರಡೂ ವಂಶದ ಗುರುತಾದವು. ಹೆಣ್ಣುಮಕ್ಕಳಿಗೆ ಇವುಗಳ ಬದಲು ‘ನೀ’, ‘ನಿಕ್’. ಇಲ್ಲೊಂದು ಗೊಂದಲ ಸಾಮಾನ್ಯ. ಓನೀಲ್ ಎಂಬ ಅಡ್ಡಹೆಸರು ಒಂಬತ್ತು ಒತ್ತೆಯಾಳುಗಳ ನಿಯಲ್‌ನಿಂದ ಬಂದದ್ದಲ್ಲ. 919ರಲ್ಲಿ ಡಬ್ಲಿನ್ ಬಳಿ ವೈಕಿಂಗರೊಡನೆ ಕಾದಾಡಿ ಸತ್ತ ನಿಯಲ್ ಗ್ಲೂನ್‌ದುವ್ ಎಂಬ ದೊರೆಯಿಂದ ಬಂದದ್ದು. ಅವನು ಮೊದಲ ನಿಯಲ್‌ನ ವಂಶದವನೆಂದು ವಂಶಾವಳಿ ಹೇಳುತ್ತದೆ ಎನ್ನುವುದು ಬೇರೆ ಮಾತು. ಮೆಕಾರ್ಥಿಗಳು 1045ರಲ್ಲಿ ಸತ್ತ ಕಾರ್ಥಖ್‌ನ ವಂಶ. ಕಾನಾಟಿನ ಓಕಾನರ್ ಅರಸರು 973ರಲ್ಲಿ ಸತ್ತ ಕೊಂಕೊವರ್‌ನ ವಂಶ.

ಗೆದ್ದ ಮೇಲೆ ಬರೆದ ವಂಶಾವಳಿ

ವಂಶಾವಳಿ ಬರೆಯುವುದು ಅಲ್ಲಿ ವೃತ್ತಿ. ಅದಕ್ಕೆಂದೇ ವಿದ್ವಾಂಸರ ಮನೆತನಗಳಿದ್ದವು. ಅವರನ್ನು ಸಾಕುತ್ತಿದ್ದವರು ಅರಸರು. ಹಾಗಾಗಿ ಅಧಿಕಾರ ಬದಲಾದಾಗ ವಂಶವೃಕ್ಷದ ಕೊಂಬೆಯೂ ಬದಲಾಗುತ್ತಿತ್ತು.

ಬ್ರಯಾನ್ ಬೊರುವಿನ ಕುಲವೇ ಇದಕ್ಕೆ ಒಳ್ಳೆಯ ಉದಾಹರಣೆ. ಶಾನನ್ ನದಿಯ ಕೆಳಪಾತ್ರದಲ್ಲಿದ್ದ ಈ ಜನ ಮೊದಲು ದೇಶಿ ಎಂಬ ಸಾಮಂತ ಸಮುದಾಯದ ಒಂದು ತುಂಡು. ಮನ್‌ಸ್ಟರಿನ ಪಟ್ಟವಾದ ಕ್ಯಾಶೆಲ್ ಬಂಡೆ ಓಗನಖ್ಟ್ ವಂಶದವರ ಹಿಡಿತದಲ್ಲಿತ್ತು. ಹತ್ತನೆಯ ಶತಮಾನದಲ್ಲಿ ಬ್ರಯಾನನ ಅಣ್ಣ ಮಾಹೊನ್ ಕ್ಯಾಶೆಲ್ ಹಿಡಿದ. 976ರಲ್ಲಿ ಅವನ ಕೊಲೆಯಾಯಿತು. ಬ್ರಯಾನ್ ಸೇಡು ತೀರಿಸಿಕೊಂಡು ಮನ್‌ಸ್ಟರ್ ಗೆದ್ದ. 1002ರಲ್ಲಿ ನಿಯಲ್ ವಂಶದ ದೊರೆಯನ್ನು ಬಗ್ಗಿಸಿ ಇಡೀ ದ್ವೀಪದ ಮೇಲೊಡೆಯನಾದ.

ಸಾಮಂತ ಕುಲದವನು ಕ್ಯಾಶೆಲ್ ಆಳಲು ಯಾವ ಹಕ್ಕು? ಅದಕ್ಕೆ ಉತ್ತರ ವಂಶಾವಳಿಯಲ್ಲಿ ಸಿದ್ಧವಾಯಿತು. ಈ ಜನ ‘ದಾಲ್ ಕಾಶ್’ ಎಂಬ ಹೊಸ ಹೆಸರಿನಿಂದ ಕಾಣಿಸಿಕೊಂಡರು. ಅವರ ಮೂಲಪುರುಷ ಕೊರ್ಮಕ್ ಕಾಸ್, ಓಗನಖ್ಟರ ಮೂಲಪುರುಷ ಓಗನ್‌ನ ಒಡಹುಟ್ಟಿದವನೇ ಎಂದಾಯಿತು. ಅಣ್ಣತಮ್ಮಂದಿರ ವಂಶಗಳು ಸರದಿಯ ಮೇಲೆ ಆಳುವುದು ಪೂರ್ವದ ಪದ್ಧತಿ ಎಂಬ ಕಥೆಯೂ ಜೊತೆಗೆ ಬಂತು. ಇಂದಿನ ಇತಿಹಾಸಕಾರರು ಈ ಜೋಡಣೆಯನ್ನು ಕಸಿ ಎಂದೇ ಪರಿಗಣಿಸುತ್ತಾರೆ.

ಇಂಥ ವಂಶಾವಳಿಗಳು ಎಷ್ಟು ನಿಜ ಎಂಬುದಕ್ಕೆ ವಿಜ್ಞಾನದಿಂದ ಉತ್ತರ ಸಿಗುವುದೇ? 2006ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಸುಮಾರು ಐದರಲ್ಲೊಬ್ಬನಿಗೆ ಒಂದೇ ಬಗೆಯ ವೈ ವರ್ಣತಂತು ಇರುವುದನ್ನು ತೋರಿಸಿದರು. ಪತ್ರಿಕೆಗಳು ಅದನ್ನು ನಿಯಲ್‌ನ ಮೊಹರು ಎಂದು ಸಾರಿದವು. ಆದರೆ ವರ್ಣತಂತಿನಲ್ಲಿ ಹೆಸರು ಬರೆದಿರುವುದಿಲ್ಲ. ಅನೇಕರಿಗೆ ಗಂಡುಸಾಲಿನಲ್ಲಿ ಒಬ್ಬ ಪೂರ್ವಜನಿದ್ದ ಎನ್ನಬಹುದು. ಅವನು ನಿಯಲ್ಲೇ ಎನ್ನಲಾಗದು.

ಪಟ್ಟದ ಕಲ್ಲು ಒಡೆದ ದಿನ

ಪಟ್ಟಾಭಿಷೇಕ ಅರಮನೆಯೊಳಗೆ ನಡೆಯುತ್ತಿರಲಿಲ್ಲ. ಬಯಲಿನ ದಿಬ್ಬ, ಅಲ್ಲೊಂದು ಕಲ್ಲು ಅಥವಾ ಪವಿತ್ರ ಮರ, ಹೊಸಬನ ಕೈಗೆ ಬಿಳಿಯ ಬೆತ್ತ. ಓಬ್ರಯನ್ನರಿಗೆ ಕ್ಲೇರ್‌ನ ಮಾಘ್ ಅದೇರ್, ಓಕಾನರರಿಗೆ ರೊಸ್ಕಾಮನ್ನಿನ ಕಾರ್ನ್‌ಫ್ರೀ, ಓನೀಲರಿಗೆ ಟೈರೋನಿನ ಟಲಿಹೋಗ್. ಶತ್ರುವಿನ ಮಾನ ಕಳೆಯಲು ಇಂಥ ಜಾಗಗಳೇ ಗುರಿ: 982ರಲ್ಲಿ ದಂಡೆತ್ತಿ ಬಂದ ತಾರಾದ ದೊರೆ ಮೇಲ್ ಶೆಖ್ನಲ್ ಮಾಘ್ ಅದೇರ್‌ನ ಮರವನ್ನು ಕಡಿಸಿಹಾಕಿದ.

1169ರಲ್ಲಿ ನಾರ್ಮನ್ನರು ಬಂದ ಮೇಲೂ ಈ ವ್ಯವಸ್ಥೆ ಅರ್ಧ ದ್ವೀಪದಲ್ಲಿ ನಾಲ್ಕು ಶತಮಾನ ಉಳಿಯಿತು. ಅದನ್ನು ಮುರಿದದ್ದು ಟ್ಯೂಡರ್ ಇಂಗ್ಲೆಂಡ್. ಮುಖ್ಯಸ್ಥರು ನೆಲವನ್ನು ದೊರೆಗೆ ಒಪ್ಪಿಸಿ, ಇಂಗ್ಲಿಷ್ ಬಿರುದಿನೊಂದಿಗೆ ಮರಳಿ ಪಡೆಯಬೇಕೆಂಬ ನೀತಿ 1540ರ ದಶಕದಲ್ಲಿ ಬಂತು. 1542ರಲ್ಲಿ ಕೊನ್ ಓನೀಲ್ ಟೈರೋನಿನ ಅರ್ಲ್ ಆದ. ಇಂಗ್ಲಿಷ್ ಕಾನೂನಿನಂತೆ ಅವನಿಗೆ ಒಬ್ಬನೇ ವಾರಸುದಾರ; ಐರಿಷ್ ರೂಢಿಯಂತೆ ಹಲವು ಅರ್ಹರು. ಇನ್ನೊಬ್ಬ ಮಗ ಶೇನ್ ಅದನ್ನು ಒಪ್ಪಲಿಲ್ಲ. 1559ರಲ್ಲಿ ಹಳೆಯ ವಿಧಿಯಂತೆ ‘ಓನೀಲ್’ ಪಟ್ಟ ಹಿಡಿದ. ಎರಡು ಕಾನೂನು ಒಂದೇ ಮನೆಯೊಳಗೆ ಡಿಕ್ಕಿ ಹೊಡೆದವು.

ಟಲಿಹೋಗ್‌ನ ಕೊನೆಯ ಪಟ್ಟಾಭಿಷೇಕ 1595ರಲ್ಲಿ ಹ್ಯೂ ಓನೀಲ್‌ನದು. 1601ರಲ್ಲಿ ಕಿನ್‌ಸೇಲ್ ಕಾಳಗದಲ್ಲಿ ಅವನು ಸೋತ. 1602ರಲ್ಲಿ ಇಂಗ್ಲಿಷ್ ಸೇನಾಪತಿ ಮೌಂಟ್‌ಜಾಯ್ ಟಲಿಹೋಗ್‌ನ ಕಲ್ಲುಪೀಠವನ್ನು ಒಡೆಸಿದ. 1607ರ ಸೆಪ್ಟೆಂಬರಿನಲ್ಲಿ ಓನೀಲ್, ಓಡೊನೆಲ್ ಮುಖ್ಯಸ್ಥರು ರಾಥ್‌ಮುಲನ್ ಬಂದರಿನಿಂದ ಹಡಗು ಹತ್ತಿ ಯೂರೋಪಿಗೆ ಹೊರಟುಹೋದರು. ಮರುವರ್ಷ ತಾನಿಸ್ತ ಪದ್ಧತಿಯ ಉತ್ತರಾಧಿಕಾರಕ್ಕೆ ಕಾನೂನಿನ ಮಾನ್ಯತೆ ಇಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿಗೆ ಕುಲಗಳ ರಾಜಕೀಯ ಮುಗಿಯಿತು, ಅಡ್ಡಹೆಸರುಗಳು ಉಳಿದವು.

ಸ್ವತಂತ್ರ ಐರ್ಲೆಂಡ್ 1944ರಿಂದ ಹಳೆಯ ಮನೆತನಗಳ ಹಿರಿಯರನ್ನು ಗೌರವಕ್ಕಾಗಿ ‘ಮುಖ್ಯಸ್ಥ’ ಎಂದು ಗುರುತಿಸುತ್ತಿತ್ತು. ಒಬ್ಬ ಹಕ್ಕುದಾರನ ವಂಶಾವಳಿ ಸುಳ್ಳೆಂದು 1999ರಲ್ಲಿ ಬಯಲಾಯಿತು. 2003ರಲ್ಲಿ ಸರ್ಕಾರ ಆ ಪದ್ಧತಿಯನ್ನೇ ಕೈಬಿಟ್ಟಿತು.

ಐರ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಿಗೆ, ಅಲ್ಲಿಗೆ ಪ್ರವಾಸ ಹೋಗುವವರಿಗೆ ಅಂಗಡಿಗಳಲ್ಲಿ ಅಡ್ಡಹೆಸರಿನ ಲಾಂಛನ, ವಂಶವೃಕ್ಷದ ಸುರುಳಿಗಳು ಎದುರಾಗುತ್ತವೆ. ಅವನ್ನು ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಹಳೆಯ ಕುಲದ ಹೆಸರೋ, ರಾಜವಂಶದ್ದೋ, ಹತ್ತನೆಯ ಶತಮಾನದ ಈಚಿನ ಅಡ್ಡಹೆಸರೋ? ಈ ಅಡ್ಡಹೆಸರು ಒಂದೇ ಕಡೆ ಹುಟ್ಟಿದ್ದೋ, ಹಲವು ಕಡೆಯೋ? ಓಕಾನರ್ ಕಾನಾಟಿನಲ್ಲೂ ಕೆರ್ರಿಯಲ್ಲೂ ಆಫಲಿಯಲ್ಲೂ ಬೇರೆಬೇರೆಯಾಗಿ ಹುಟ್ಟಿದ್ದು. ಮರ್ಫಿ ಕೂಡ ಹಾಗೆಯೇ. ಕೊನೆಯದಾಗಿ, ಈ ವಂಶಾವಳಿಯನ್ನು ಯಾರು, ಯಾವಾಗ, ಯಾರ ಅನ್ನ ಉಂಡು ಬರೆದರು? ಮೂರನೆಯ ಪ್ರಶ್ನೆಗೆ ಉತ್ತರ ಸಿಗದ ವಂಶವೃಕ್ಷವನ್ನು ಗೋಡೆಗೆ ತೂಗುಹಾಕಲು ಕೊಂಡರೆ ಅಡ್ಡಿಯಿಲ್ಲ, ಚರಿತ್ರೆ ಎಂದು ಕೊಳ್ಳಬೇಡಿ.